ಲಿಸ್ಬನ್ನಿನಲ್ಲಿ ಕಾಗೆಗಾಗಿ ಕಾದದ್ದು

ನಮ್ಮ ಹರಿಶ್ಚಂದ್ರ ಭಾವ ಬದುಕಿಡೀ ಬಿಸಿ ಅನ್ನಕ್ಕೆ ಮೊದಲು ಕೂತ ಮನುಷ್ಯ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಅವರು ಉಂಡು ಕೈ ತೊಳೆದ ಮೇಲೆಯೇ ನನ್ನ ಅಕ್ಕ ಪ್ರಫುಲ್ಲಾ ತನ್ನ ತಟ್ಟೆ ಹಾಕಿಕೊಳ್ಳುತ್ತಿದ್ದಳು. ಉಡುಪಿಯಲ್ಲಿ ಅಮ್ಮ ಹಾಗೆ ಮಾಡುತ್ತಿದ್ದಳು, ಸರಿ. ಅಮೆರಿಕದಲ್ಲಿ, ಎವರ್‌ಗ್ರೀನ್‌ನ ಗುಡ್ಡದ ಮೇಲಿನ ಮನೆಯಲ್ಲೂ ಅದೇ ಕತೆ. ಆಫೀಸಿನಲ್ಲಿ ಮೀಟಿಂಗು ಎಂದು ತಡವಾಗಲಿ, ಫ್ರೀವೇಯಲ್ಲಿ ಟ್ರಾಫಿಕ್ಕು ಎಂದು ಇನ್ನೂ ತಡವಾಗಲಿ, ಇವಳು ಕಾಯುವವಳೇ.

"ಎಂತ ಮಾರಾಯ್ತಿ, ಹೊಟ್ಟೆ ನಿನ್ನದಲ್ವಾ?" ಎಂದು ನಾನು ಬೈದರೆ, "ನನಗೆ ಹಾಗೆಯೇ ಸೇರುದು ನೀತಾ, ನೀನು ಸುಮ್ಮನಿರು" ಎಂದು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗಂತ ಭಾವ ಕೆಟ್ಟವರಲ್ಲ. ಚಿಪ್ ಕಂಪನಿಯೊಂದರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿ ರಿಟೈರಾದವರು. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುವವರು. ಎದುರಿಗೆ ಒಬ್ಬಳು ಹಸಿದು ನಿಂತಿದ್ದಾಳೆ ಎಂಬುದು ಮಾತ್ರ ಅವರಿಗೆ ಹೊಳೆಯಲೇ ಇಲ್ಲ.

ಅಕ್ಕನಿಗೆ ಲಿಸ್ಬನ್ ನೋಡುವ ಆಸೆಯಿತ್ತು. ನಮ್ಮ ಕೊಂಕಣಿ ಹಿರಿಯರು ಪೋರ್ಚುಗೀಸರ ಕಾಟ ತಾಳಲಾರದೆ ಗೋವೆ ಬಿಟ್ಟು ಬಂದವರು ಎಂದು ಅಜ್ಜಿ ಹೇಳುತ್ತಿದ್ದಳು. "ನಮ್ಮನ್ನು ಓಡಿಸಿದವರ ಮನೆ ಹೇಗುಂಟು ಅಂತ ಒಮ್ಮೆ ನೋಡಿ ಬರುವ" ಎಂದು ಅಕ್ಕ ವರ್ಷವರ್ಷವೂ ಹೇಳುವಳು. "ಮುಂದಿನ ವರ್ಷ" ಎಂದು ಭಾವ ವರ್ಷವರ್ಷವೂ ಹೇಳುವರು. ಕೊನೆಗೆ ಅಕ್ಕ ಕ್ಯಾನ್ಸರಿನಲ್ಲಿ ಹೋಗಿಬಿಟ್ಟಳು.

ಮೌಂಟನ್ ವ್ಯೂನಲ್ಲಿ ಕೆಲಸದಲ್ಲಿರುವ ಅವರ ಮಗಳು ಅಪೇಕ್ಷಾ, ಅಮ್ಮನ ಆಸೆಯೆಂದು ಅಪ್ಪನಿಗೂ ನನಗೂ ತನಗೂ ಟಿಕೆಟ್ಟು ಮಾಡಿಸಿದಳು. ಅಮ್ಮನ ಎರಡನೇ ವರ್ಷದ ಶ್ರಾದ್ಧಕ್ಕೆ ಮೊದಲೇ ವಾಪಸಾಗುವ ಹಾಗೆ ದಿನ ಗೊತ್ತುಮಾಡಿದ್ದಳು. ಪಾಪ, ಅಮೆರಿಕದಲ್ಲಿ ಹುಟ್ಟಿದ ಹುಡುಗಿ, ನೋಡಿದ್ದು ಇಂಗ್ಲಿಷ್ ತಾರೀಖು. ಪಂಚಾಂಗದ ತಿಥಿ ಅದಕ್ಕಿಂತ ಮೊದಲೇ ಬಂದು ನಮ್ಮ ಪ್ರವಾಸದ ನಡುವೆ ಬಿದ್ದಿತ್ತು. ಭಾವನಿಗೆ ಅದು ಗೊತ್ತಿತ್ತು. ಮಗಳ ಉತ್ಸಾಹ ನೋಡಿ ಅವಳಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಸೂಟ್‌ಕೇಸಿನಲ್ಲಿ ಸಣ್ಣ ರೈಸ್ ಕುಕ್ಕರು, ಒಂದು ಪೊಟ್ಟಣ ಅಕ್ಕಿ, ಸ್ವಲ್ಪ ಎಳ್ಳು ಇಟ್ಟುಕೊಂಡು ವಿಮಾನ ಹತ್ತಿದರು.

ಲಿಸ್ಬನ್ ಏರು ಇಳಿಜಾರಿನ ಊರು. ಹಳದಿ ಟ್ರಾಮು, ಗೋಡೆಗೆಲ್ಲ ನೀಲಿ ಟೈಲ್ಸು, ಕೆಂಪು ಹೆಂಚಿನ ಮಾಡು. ಆ ಹೆಂಚು ನೋಡಿ ನನಗೆ ಊರು ನೆನಪಾಯಿತು. ಓಡಿಸಿದವರ ಊರು ಇಷ್ಟು ಚಂದ ಇರಬಾರದಿತ್ತು. ದೀಪದ ಕಂಬಗಳ ಮೇಲೆ ಊರಿನ ಲಾಂಛನ: ಒಂದು ಹಡಗು, ಅದರ ಎರಡು ತುದಿಗೆ ಎರಡು ಕಾಗೆ. ಯಾವುದೋ ಸಂತನ ದೇಹ ಹೊತ್ತು ತಂದ ಹಡಗನ್ನು ಕಾಗೆಗಳು ಕಾವಲು ಕಾದವಂತೆ, ಗೈಡು ಹೇಳಿದ. ಭಾವ ಕಂಬಕಂಬದ ಕೆಳಗೂ ನಿಂತು ತಲೆಯೆತ್ತಿ ನೋಡುತ್ತಿದ್ದರು.

"ಎಂತ ಭಾವ, ಕಾಗೆ ಕಾಣದವರ ಹಾಗೆ?" ಎಂದೆ.

"ಕಾಗೆಯ ಊರೇ ಅಂತಾಯ್ತಲ್ಲ. ಒಳ್ಳೆದಾಯ್ತು" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ.

ಮೂರನೇ ದಿನ ಬೆಳಗ್ಗೆ ಅವರ ರೂಮಿನಲ್ಲಿ ಢಬ್ ಎಂದು ಸದ್ದಾಗಿ ಇಡೀ ಮಹಡಿಯ ಕರೆಂಟು ಹೋಯಿತು. ಓಡಿ ಹೋದರೆ, ಮಿಂದು ಪಂಚೆ ಉಟ್ಟ ಭಾವ. ಮುಂದೆ ಹೊಗೆಯಾಡುವ ಕುಕ್ಕರು. ಅಮೆರಿಕದ ಕುಕ್ಕರು, ನೂರಿಪ್ಪತ್ತು ವೋಲ್ಟಿನದ್ದು. ಅದನ್ನು ಇಲ್ಲಿನ ಇನ್ನೂರ ಮೂವತ್ತಕ್ಕೆ ಸಿಕ್ಕಿಸಿದ್ದರು. ಅಯ್ಯೋ, ಕರೆಂಟಿನಿಂದಲೇ ಅನ್ನ ಸಂಪಾದಿಸಿದ ಮನುಷ್ಯ!

"ಇವತ್ತು ಪ್ರಫುಲ್ಲನ ತಿಥಿ. ಕಾಗೆಗೆ ಅನ್ನ ಇಡ್ಬೇಕಿತ್ತು" ಎಂದರು. ಸ್ವರವೇ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಪೇಕ್ಷಾ "ಅಪ್ಪಾ, ವೈ ಡಿಡಂಟ್ ಯು ಟೆಲ್ ಮೀ?" ಎಂದು ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, ಉಳಿದ ಅಕ್ಕಿಯ ಪೊಟ್ಟಣ ಹಿಡಿದು ಕೆಳಗಿಳಿದಳು. ಗೆಸ್ಟ್‌ಹೌಸಿನ ಒಡತಿ ಮುದುಕಿ. ಸಂಗತಿ ಕೇಳಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ತನ್ನ ಒಲೆ ಬಿಟ್ಟುಕೊಟ್ಟಳು. ನಾನು ಹೇಳಿಕೊಟ್ಟ ಹಾಗೆ ಅಪೇಕ್ಷಾ ಉಪ್ಪು ಹಾಕದೆ ಅನ್ನ ಮಾಡಿದಳು. ಸ್ವಲ್ಪ ತಳ ಹಿಡಿಯಿತು.

ತಾರಸಿಯ ಕಟ್ಟೆಯ ಮೇಲೆ ಭಾವ ಅನ್ನದ ಉಂಡೆ ಇಟ್ಟು, ಎಳ್ಳುನೀರು ಬಿಟ್ಟು, ಕೈಮುಗಿದು ಕಾ ಕಾ ಎಂದು ಕರೆದರು. ಹೋದ ವರ್ಷ ಎವರ್‌ಗ್ರೀನ್‌ನಲ್ಲಿ ಕರೆಯುವ ಮೊದಲೇ ಕಾಗೆಗಳು ಬೇಲಿಯಿಂದ ಇಳಿದಿದ್ದವು. ಇಲ್ಲಿ ಕೆಳಗೆ ಕಂಬದ ಮೇಲೆ ಕಬ್ಬಿಣದ ಕಾಗೆಗಳು. ಜೀವವಿರುವುದು ಒಂದೂ ಇಲ್ಲ. ಪಾರಿವಾಳ ಬಂದರೆ ಭಾವ ಓಡಿಸುತ್ತಿದ್ದರು. ಮಧ್ಯಾಹ್ನ ಸರಿಯಿತು. ಅವರಿಗೆ ಸಕ್ಕರೆ ಕಾಯಿಲೆ, ಬೆಳಗ್ಗೆಯಿಂದ ತೊಟ್ಟು ನೀರು ಕುಡಿದಿಲ್ಲ. ನನಗೆ ಹೆದರಿಕೆಯಾಯಿತು.

ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಬಾಕಿ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಅದನ್ನು ನಡೆಸುತ್ತೇವೆಂದು ಮಾತು ಕೊಟ್ಟರೆ ಬರುತ್ತದಂತೆ. "ಅಕ್ಕ, ಅಪೇಕ್ಷಾಳನ್ನು ನಾನು ನೋಡಿಕೊಳ್ತೇನೆ" ಎಂದು ಆಕಾಶ ನೋಡಿ ಹೇಳಿದೆ. ಏನೂ ಬರಲಿಲ್ಲ.

ನನ್ನ ತಾಳ್ಮೆ ಮುಗಿಯಿತು. "ಭಾವ, ಅವಳು ಯಾವತ್ತಾದ್ರೂ ನಿಮಗಿಂತ ಮೊದಲು ಉಂಡದ್ದುಂಟಾ? ನೀವೊಂದು ತುತ್ತು ತಿನ್ನಿ, ಆಗ ಬರ್ತಾಳೆ!" ಎಂದು ಕೂಗಿದೆ.

ಭಾವ ತಿರುಗಿ ನೋಡಿದರು. ಕಣ್ಣು ತುಂಬಿತ್ತು.

"ಅದಕ್ಕೇ ನೀತಾ. ಇವತ್ತೊಂದು ದಿನ ಅವಳು ಮೊದಲು ಉಣ್ಣಲಿ. ನಾನು ಕಾಯ್ತೇನೆ."

ಅಷ್ಟು ವರ್ಷ ನಾನು ಅವರಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಬೇಕಾದವಳು ಇರಲಿಲ್ಲ.

ಬಿಸಿಲು ಇಳಿಯುವಾಗ ನದಿಯ ಕಡೆಯಿಂದ ದೊಡ್ಡದೊಂದು ಬಿಳಿ ಕಡಲಹಕ್ಕಿ ಬಂದು ಕಟ್ಟೆಯ ಮೇಲೆ ಕೂತಿತು. ಭಾವ ಅದನ್ನು ಓಡಿಸಲಿಲ್ಲ. ಅದು ಉಂಡೆಯನ್ನು ಕಚ್ಚಿಕೊಂಡು ಹಾರಿತು.

"ಚಿಕ್ಕಿ, ಡಸ್ ದಟ್ ಕೌಂಟ್?" ಎಂದು ಅಪೇಕ್ಷಾ ನನ್ನ ಕಿವಿಯಲ್ಲಿ ಕೇಳಿದಳು.

"ಉಂಡಳು" ಎಂದರು ಭಾವ.

ಕೆಳಗೆ ಮುದುಕಿಯ ಅಡುಗೆಮನೆಯಲ್ಲಿ ಅಪೇಕ್ಷಾ ತಟ್ಟೆ ಹಾಕಿ ಅಪ್ಪನನ್ನು ಮೊದಲು ಕರೆದಳು. ಅವರು ಕೂರಲಿಲ್ಲ. "ನೀವಿಬ್ಬರೂ ಕೂತುಕೊಳ್ಳಿ" ಎಂದು ಅನ್ನದ ಪಾತ್ರೆ ಕೈಗೆತ್ತಿಕೊಂಡರು. ಬಡಿಸಿ ಗೊತ್ತಿಲ್ಲದ ಕೈ, ಅರ್ಧ ಅನ್ನ ಮೇಜಿನ ಮೇಲೆ ಚೆಲ್ಲಿತು. ಅವರು ಬೇಗ ಕೂರಲಿ ಎಂದು ನಾನು ಗಬಗಬ ನುಂಗಿದೆ. ನಾವು ಉಂಡು ಕೈ ತೊಳೆಯುವವರೆಗೂ ಭಾವ ಒಲೆಯ ಪಕ್ಕದಲ್ಲಿ, ಅಕ್ಕ ನಿಲ್ಲುತ್ತಿದ್ದ ಹಾಗೆಯೇ, ನಿಂತಿದ್ದರು.