ಮೀಟರಿನ ಬೆಳಕಿನಲ್ಲಿ ಲೊರೆಶೋಗೆ

ನೈರೋಬಿಯ ಸೂರ್ಯನಿಗೆ ದಾಕ್ಷಿಣ್ಯವಿಲ್ಲ. ನಮ್ಮ ಮಂಡ್ಯದ ಕಡೆ ಅವನು ಮನೆಗೆ ಬಂದ ನೆಂಟನ ಹಾಗೆ, ಹೊರಡುತ್ತೇನೆ ಹೊರಡುತ್ತೇನೆ ಎನ್ನುತ್ತ ಬಾಗಿಲಲ್ಲೇ ಒಂದಷ್ಟು ಹೊತ್ತು ನಿಲ್ಲುತ್ತಿದ್ದ. ನನಗಂತೂ ಹಾಗೇ ನೆನಪು. ಇಲ್ಲಿ ಆರೂವರೆಯ ಆಸುಪಾಸಿಗೆ, ಡ್ಯೂಟಿ ಮುಗಿದ ಗುಮಾಸ್ತನಂತೆ, ತಿರುಗಿಯೂ ನೋಡದೆ ಎದ್ದು ಹೋಗುತ್ತಾನೆ. ವರ್ಷವಿಡೀ ಅದೇ ಹೊತ್ತು. ಭೂಮಧ್ಯರೇಖೆ ಹತ್ತಿರವಿರುವುದರಿಂದ ಹೀಗೆ ಎಂದು ಓದಿದವರು ಹೇಳುತ್ತಾರೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮೇಷ್ಟರು ಭೂಮಧ್ಯರೇಖೆಗೆ ಬರುವ ಹೊತ್ತಿಗೆ ನಾನು ಹೋಟೆಲೊಂದರ ಹಿತ್ತಲಲ್ಲಿ ಉದ್ದು ರುಬ್ಬುತ್ತಿದ್ದೆ. ಆದರೂ ಕಾರಿನ ದೀಪವನ್ನು ಯಾವಾಗ ಹಾಕಬೇಕು ಎಂಬ ಒಂದು ವಿಷಯದಲ್ಲಿ ಈಗ ನಾನು ಯಾರಿಗೆ ಬೇಕಾದರೂ ಪಾಠ ಹೇಳಬಲ್ಲೆ. ಹೇಳುತ್ತಲೂ ಇದ್ದೇನೆ. ಕೇಳುವವರು ಕಡಿಮೆ, ಅಷ್ಟೆ.

ನಮ್ಮ ಮನೆ, ಅಡುಗೆಮನೆ, ವ್ಯಾಪಾರ ಎಲ್ಲ ಸೌತ್ ಸಿ ಬಡಾವಣೆಯಲ್ಲಿ. ಈ ಊರಿನ ಕನ್ನಡದ ಮನೆಗಳಲ್ಲಿ ನಾಮಕರಣವೋ ಹುಟ್ಟುಹಬ್ಬವೋ ಆದರೆ ಊಟ ನಮ್ಮಲ್ಲಿಂದ ಹೋಗುತ್ತದೆ. ಡಾಕ್ಟರರು, ಲೆಕ್ಚರರ್‌ಗಳು, ಪರದೇಶದ ಸಂಸ್ಥೆಗಳಲ್ಲಿ ಕೆಲಸ ಮಾಡುವವರು, ಎಲ್ಲರೂ ನನ್ನ ಬಿಸಿಬೇಳೆಬಾತಿನ ಮುಂದೆ ಒಂದೇ. ಇದನ್ನೆಲ್ಲ ನಾನು ಈ ಎರಡು ಕೈಯಿಂದ ಕಟ್ಟಿದ್ದು. ಹಾಗೆ ಕಟ್ಟುವಾಗ ಜೊತೆಗಿದ್ದದ್ದು ಒಂದು ಹಳೆಯ ಪಿಕಪ್ಪು. ಆ ಪಿಕಪ್ಪಿನಲ್ಲಿ ಒಂದು ಪ್ರಾಮಾಣಿಕತೆ ಇತ್ತು: ಹೆಡ್‌ಲೈಟ್ ಹಾಕಿದರೆ ಮಾತ್ರ ಡ್ಯಾಶ್‌ಬೋರ್ಡಿನ ಮುಳ್ಳು, ಅಂಕಿ ಬೆಳಗುತ್ತಿದ್ದವು. ಮುಳ್ಳು ಕಂಡಿತೇ, ದೀಪ ಉರಿಯುತ್ತಿದೆ. ಕಾಣಲಿಲ್ಲವೇ, ಹಾಕು. ನನ್ನ ಕತ್ತಲ ಸಂಚಾರವೆಲ್ಲ ಈ ಒಂದು ಸೂತ್ರದ ಮೇಲೆ ನಿಂತಿತ್ತು.

ಪಿಕಪ್ಪು ಮುಪ್ಪಾದ ಮೇಲೆ, ಇಲ್ಲಿನ ಅರ್ಧ ಊರಿನ ಹಾಗೆ ನಾವೂ ಜಪಾನಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ತಂದೆವು. ಹಿಂದಿನ ಸೀಟು ಮಡಚಿದರೆ ಇಡೀ ಮದುವೆಯ ಪಾತ್ರೆ ಹಿಡಿಸುತ್ತದೆ. ಅದರ ಪುಸ್ತಕ ಜಪಾನಿ ಭಾಷೆಯಲ್ಲಿತ್ತು. ಆದ್ದರಿಂದ ಅದನ್ನು ಓದುವ ವಿಷಯದಲ್ಲಿ ನಾನೂ ಊರಿನ ಇನ್ನೊಂದು ತುದಿಯ ಲೊರೆಶೋದಲ್ಲಿರುವ ನಮ್ಮ ಗಿರಾಕಿ ಡಾಕ್ಟರಮ್ಮನೂ ಸರಿಸಮಾನರಾದೆವು. ಕೀ ತಿರುಗಿಸಿದ ಕೂಡಲೇ ಒಳಗಿಂದ ಒಬ್ಬ ಹೆಂಗಸು ಬಲು ವಿನಯದಿಂದ ಏನೋ ಹೇಳುತ್ತಿದ್ದಳು. ನಮಸ್ಕಾರ ಎನ್ನುತ್ತಿರಬೇಕೆಂದು ನಾನೂ ದಿನಾ “ಆಯ್ತಮ್ಮ, ಬರ್ತೀವಿ” ಎಂದು ಹೇಳಿ ಹೊರಡುತ್ತಿದ್ದೆ. ಒಂದು ದಿನ ಮಗಳು ಅದನ್ನು ಫೋನಿಗೆ ಕೇಳಿಸಿ, ಅದರಿಂದಲೇ ಅರ್ಥ ಹೇಳಿಸಿಕೊಂಡು, “ಅಪ್ಪ, ಶೀ ಈಸ್ ಜಸ್ಟ್ ಸೇಯಿಂಗ್ ದಿ ಕಾರ್ಡ್ ಈಸ್ ನಾಟ್ ಇನ್” ಎಂದಳು. ಜಪಾನಿನ ಟೋಲ್ ಕಾರ್ಡು ಹಾಕಿಲ್ಲವೆಂದು ಆ ತಾಯಿ ತಿಂಗಳುಗಟ್ಟಲೆ ಜ್ಞಾಪಿಸುತ್ತಿದ್ದಳಂತೆ. ಮಾತು ತಿಳಿದ ಮೇಲೂ ನಾನು ಉತ್ತರ ಕೊಡುವುದನ್ನು ಬಿಟ್ಟಿಲ್ಲ. ಅಷ್ಟು ವಿನಯವಾಗಿ ಗದರುವವರು ನಮ್ಮ ಮನೆಯಲ್ಲಿ ಬೇರೆ ಯಾರಿದ್ದಾರೆ?

ಈ ಕಾರಿನ ಹೆಡ್‌ಲೈಟು ತಾನಾಗಿ ಹತ್ತಿಕೊಳ್ಳುತ್ತಿತ್ತು. ಇಂಡಿಕೇಟರ್ ಕಡ್ಡಿಯ ತುದಿಯಲ್ಲಿ ‘ಆಟೋ’ ಎಂದು ಬರೆದಿದೆ. ಅಲ್ಲಿಗೆ ತಿರುಗಿಸಿಟ್ಟರೆ ಕತ್ತಲೆ ಯಾವುದು ಬೆಳಕು ಯಾವುದು ಎಂದು ಕಾರೇ ತೀರ್ಮಾನಿಸುತ್ತದೆ. ತಾನೇ ತೀರ್ಮಾನಿಸುವ ಯಂತ್ರಗಳ ಮೇಲೆ ನನಗೆ ಮೊದಲಿಂದಲೂ ಸಂಶಯ. ಅನ್ನದ ಕುಕ್ಕರು ಟಕ್ಕೆಂದು ಆರಿಕೊಂಡಾಗಲೂ ನಾನು ಒಂದು ಅಗುಳು ಹಿಚುಕಿ ನೋಡುವವನು. ನಮ್ಮವ್ವ ಅಂಗೈ ಗೆರೆ ಕಾಣದಾದಾಗ ದೀಪ ಹಚ್ಚುತ್ತಿದ್ದಳು. ಅದಕ್ಕಿಂತ ಒಳ್ಳೆಯ ಅಳತೆಯನ್ನು ಜಪಾನಿನವರು ಕಂಡುಹಿಡಿದಿರಲಾರರು ಎಂದು ನನ್ನ ನಂಬಿಕೆ. ಸ್ಟೇರಿಂಗಿನಿಂದ ಕೈ ತೆಗೆದು ಅಂಗೈ ನೋಡಿಕೊಳ್ಳುವುದು ಕಷ್ಟ ಎನ್ನುವುದೊಂದೇ ಅದರ ತೊಡಕು.

ಈ ಕಾರಿಗಾದರೋ ಹಿಡಿತವೇ ಇಲ್ಲ. ಮಟಮಟ ಮಧ್ಯಾಹ್ನ ಮರದ ನೆರಳಿಗೆ ಹೋದರೆ ದೀಪ ಹತ್ತುತ್ತದೆ, ಬಿಸಿಲಿಗೆ ಬಂದರೆ ಆರುತ್ತದೆ. ಕಿಲಿಮಾನಿಯ ಮಾಲಿನ ನೆಲಮಾಳಿಗೆಗೆ ಇಳಿದರೆ ಅಲ್ಲೂ ಹತ್ತುತ್ತದೆ. ನಮ್ಮ ಗೇಟಿನ ಕಾವಲುಗಾರ ದಿನಾ ಓಡಿಬಂದು ಕಿಟಕಿ ತಟ್ಟಿ, “ಮ್ಜೇ, ಹಗಲಲ್ಲಿ ದೀಪ” ಎಂದು ಎಚ್ಚರಿಸುವನು. ಮ್ಜೇ ಎಂದರೆ ಯಜಮಾನರೇ ಎಂದೂ ಆಗುತ್ತದೆ, ಮುದುಕಪ್ಪ ಎಂದೂ ಆಗುತ್ತದೆ. ಹಗಲಲ್ಲಿ ದೀಪ ಹಾಕಿಕೊಂಡು ಹೋಗುವವನಿಗೆ ಅವನು ಯಾವುದನ್ನು ಹೇಳುತ್ತಿದ್ದಾನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ದೋಷವನ್ನೂ ನಾನೇ ಕಂಡುಹಿಡಿದೆ. ದೀಪ ಹತ್ತಿದಾಗಲೆಲ್ಲ ಡ್ಯಾಶ್‌ಬೋರ್ಡು ಮಂಕಾಗುತ್ತಿತ್ತು. ದೀಪ ಆರಿದರೆ ಅಂಕಿಗಳು ಹಬ್ಬದ ಸೀರಿಯಲ್ ಸೆಟ್ಟಿನ ಹಾಗೆ ಝಗಝಗಿಸುತ್ತಿದ್ದವು. ನನ್ನ ಪಿಕಪ್ಪಿನ ಸೂತ್ರದಿಂದ ಲೆಕ್ಕ ಹಾಕಿದೆ. ಮಂಕಾದರೆ ಬ್ಯಾಟರಿ ಸೋತಿದೆ, ದೀಪಕ್ಕೆ ಕರೆಂಟು ಸಾಲುತ್ತಿಲ್ಲ. ಝಗಝಗಿಸಿದರೆ ಎಲ್ಲ ಸವಾ, ಎಲ್ಲ ಸರಿ. ಹೀಗೆ ತರ್ಕಿಸಿ ಕಡ್ಡಿಯ ತುದಿಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಅಂಕಿಗಳು ಕಣ್ಣು ಕುಕ್ಕುವಂತೆ ಹೊಳೆಯುವ ಜಾಗದಲ್ಲಿ ನಿಲ್ಲಿಸಿದೆ. ಕಾವಲುಗಾರನ ಕಾಟ ಅವತ್ತೇ ನಿಂತಿತು. ರಿಪೇರಿ ಆಯಿತೆಂದು ನಾನು ಯಾರಿಗೂ ಹೇಳಿಕೊಳ್ಳಲಿಲ್ಲ. ಹೇಳಿಕೊಂಡೆ, ನಾಲ್ಕಾರು ಜನಕ್ಕೆ.

ಈ ನಡುವೆ ನನ್ನ ಹೆಂಡತಿ ಗಿರಿಜಾ ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಾಲೇಜು ಹುಡುಗಿಯರ ನಡುವೆ ಸೆರಗು ಸಿಕ್ಕಿಸಿಕೊಂಡು ಕಲಿತು, ಒಂದೇ ಸಲಕ್ಕೆ ಪಾಸಾಗಿ ಬಂದಳು. ಲೈಸೆನ್ಸು ಬಂತು, ಕೀ ಮಾತ್ರ ನನ್ನ ಜೇಬಿನಲ್ಲೇ ಇತ್ತು. ಲೊರೆಶೋದ ಡಾಕ್ಟರಮ್ಮನ ಮನೆಗೆ ರಾತ್ರಿಯೂಟ ಒಯ್ಯುವ ಸಂಜೆ ಪಾತ್ರೆ ಏರಿಸುತ್ತ ಅವಳು ಕೇಳಿದಳು:

“ಇವತ್ತಾದ್ರೂ ನಾನು ಓಡಿಸ್ಲಾ ರೀ?”

“ಸಾರು ಚೆಲ್ಲತ್ತೆ ಕಣೇ.”

“ನೀವು ಓಡಿಸಿದ್ರೂ ಚೆಲ್ಲತ್ತೆ. ಹಿಂದೆ ಪಾತ್ರೆ ಹಿಡ್ಕೊಂಡು ಕೂರೋಳು ನಾನು. ನನಗೆ ಗೊತ್ತು.”

“ನೋಡು, ನಾನು ಓಡಿಸೋದ್ರಲ್ಲಿ ಒಂದು ತಪ್ಪು ತೋರಿಸು. ಅವತ್ತಿಂದ ಗಾಡಿ ನಿಂದು.”

“ಮಾತು ಅಂದ್ರೆ ಮಾತಾ?”

“ನಾನು ಮಾತು ತಪ್ಪಿದ್ದು ಯಾವಾಗ?”

ಅವಳು ಹಿಂದೆ ಹತ್ತಿ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕುಳಿತಳು. ಮುಂದಿನ ಸೀಟಿನಲ್ಲಿ ಒಬ್ಬಟ್ಟಿನ ಡಬ್ಬಕ್ಕೆ ಬೆಲ್ಟು ಕಟ್ಟಿದೆ. ನಾವು ಕಿಲಿಮಾನಿ ದಾಟುವಷ್ಟರಲ್ಲಿ ಸೂರ್ಯ ಡ್ಯೂಟಿ ಮುಗಿಸಿದ. ಡ್ಯಾಶ್‌ಬೋರ್ಡು ಝಗಝಗಿಸುತ್ತಿತ್ತು. ದೊಡ್ಡ ರಸ್ತೆಯ ತುಂಬ ಬೀದಿದೀಪ, ಮುಂದೆ ಹಿಂದೆ ಗಾಡಿಗಳ ಬೆಳಕು. ಅದರಲ್ಲಿ ನಮ್ಮದು ಯಾವುದು, ಪರರದು ಯಾವುದು ಎಂದು ಯಾರು ವಿಂಗಡಿಸುತ್ತಾರೆ?

ಎದುರಿನವನೊಬ್ಬ ಡಿಪ್ಪರ್ ಹೊಡೆದ. ಈ ದೇಶದಲ್ಲಿ ಅದಕ್ಕೆ ಬಹುಮಟ್ಟಿಗೆ ಒಂದೇ ಅರ್ಥ: ಮುಂದೆ ಪೊಲೀಸರು ನಿಂತಿದ್ದಾರೆ, ಹುಷಾರು. ನಾನು ವೇಗ ತಗ್ಗಿಸಿದೆ, ಕೈ ಎತ್ತಿ “ಅಸಾಂಟೆ” ಎಂದು ಧನ್ಯವಾದ ಹೇಳಿದೆ. ಇನ್ನೊಬ್ಬನೂ ಹೊಡೆದ, ಮತ್ತೊಬ್ಬನೂ. ನಾನು ಇನ್ನೂ ತಗ್ಗಿಸಿದೆ. ಬೆನ್ನಿಗೆ ಬಂದ, ಜನ ತುಂಬಿದ ಮಟಾಟು ವ್ಯಾನು ಹಾರ್ನಿನ ಜೊತೆ ಡಿಪ್ಪರನ್ನೂ ಹೊಡೆಯಿತು. ಗುರುತು ಪರಿಚಯವಿಲ್ಲದ ಪರದೇಶಿಯೊಬ್ಬನನ್ನು ಊರಿಗೆ ಊರೇ ನಿಂತು ಕಾಪಾಡುತ್ತಿದೆಯೆಂದು ನನ್ನ ಎದೆ ತುಂಬಿಬಂತು.

“ಎಂಥ ಒಳ್ಳೆ ಜನ ಕಣೇ ಇವರು.”

“ಪೊಲೀಸು ಎಲ್ರೀ? ಇಷ್ಟು ದೂರ ಬಂದ್ವಿ, ಒಬ್ರೂ ಇಲ್ಲ.”

“ಮುಂದೆ ಇರ್ತಾರೆ. ದೊಡ್ಡ ಚೆಕಿಂಗೇ ಇರ್ಬೇಕು.”

ಸಾರು ಒಂದು ಹನಿ ಅಲುಗದ ವೇಗದಲ್ಲಿ ನಾವು ಲೊರೆಶೋ ಕಡೆ ತಿರುಗಿದೆವು. ಅಲ್ಲಿಯದು ಮರ ಕವಿದ ಸಣ್ಣ ರಸ್ತೆ. ಬೀದಿದೀಪವಿಲ್ಲ, ಬೇರೆ ಗಾಡಿಯಿಲ್ಲ. ನನ್ನ ಮುಂದೆ ಅಂಕಿಗಳು ಮಾತ್ರ ಇದ್ದವು, ರಸ್ತೆ ಇರಲಿಲ್ಲ. ಮಂಜೆಂದುಕೊಂಡು ವೈಪರ್ ಹಾಕಿದೆ. ಅದು ಒಣಗಾಜಿನ ಮೇಲೆ ಕಿರ್ ಎಂದು ಅತ್ತಿಂದಿತ್ತ ಓಡಾಡಿತು.

“ಕರೆಂಟು ಹೋದ ಹಾಗಿದೆ ಇಲ್ಲಿ” ಎಂದೆ.

“ರೀ, ಲೈಟು ಹಾಕಿದೀರಾ?”

“ಕಾಣಲ್ವೇನೆ? ಎಷ್ಟು ಚೆನ್ನಾಗಿ ಉರೀತಿದೆ ನೋಡು.”

“ಅದು ಕಿಲೋಮೀಟ್ರು. ನಾನು ಕೇಳ್ತಿರೋದು ರಸ್ತೆ.”

ಅಷ್ಟರಲ್ಲಿ ಟಾರ್ಚೊಂದು ನೇರವಾಗಿ ನನ್ನ ಮುಖಕ್ಕೆ ಬಿತ್ತು. ಬ್ರೇಕು ಒತ್ತಿದೆ. ಒಂದು ಮನೆಯ ಕಾವಲುಗಾರ, ನಮ್ಮ ಬಂಪರಿನಿಂದ ಒಂದು ಮಾರು ದೂರದಲ್ಲಿ, ಚಹಾದ ಲೋಟ ಹಿಡಿದು ರಸ್ತೆಯ ಅಂಚಿನಲ್ಲೇ ನಿಂತಿದ್ದ. ಸಾವರಿಸಿಕೊಂಡು ಬಂದು ಬಗ್ಗಿ ನೋಡಿ, ಸ್ವಾಹಿಲಿಯಲ್ಲಿ ಮೆಲ್ಲಗೆ ಹೇಳಿದ: “ಮ್ಜೇ, ಗಾಡಿಯ ಸದ್ದು ಬರುತ್ತಿತ್ತು. ಗಾಡಿ ಬರುತ್ತಿರಲಿಲ್ಲ.”

ಇಳಿದು ಮುಂದೆ ಹೋಗಿ ನೋಡಿದೆ. ಎರಡು ಹೆಡ್‌ಲೈಟೂ ಹಗಲುನಿದ್ದೆಯ ಬೆಕ್ಕಿನ ಹಾಗೆ ಕಣ್ಣು ಮುಚ್ಚಿದ್ದವು. ದಾರಿಯುದ್ದಕ್ಕೂ ನನಗೆ ಡಿಪ್ಪರ್ ಹೊಡೆದವರೆಲ್ಲ ಕಣ್ಣ ಮುಂದೆ ಬಂದರು. ಅವರಿಗೆಲ್ಲ ನಾನು ಕೈ ಎತ್ತಿ ಕೃತಜ್ಞತೆ ಹೇಳಿದ್ದು ಕತ್ತಲಲ್ಲಿ ಅವರಿಗೆ ಕಂಡಿರಲಾರದು ಎನ್ನುವುದೊಂದೇ ಸಮಾಧಾನ. ಹಿಂತಿರುಗಿದರೆ ಗಿರಿಜಾ ಆಗಲೇ ಇಳಿದು, ಡ್ರೈವರ್ ಬಾಗಿಲ ಹತ್ತಿರ ಕೈ ಚಾಚಿ ನಿಂತಿದ್ದಳು. ಬೈಯಲಿಲ್ಲ. ಬೈದಿದ್ದರೆ ವಾದಕ್ಕೆ ಒಂದು ಹಿಡಿ ಸಿಕ್ಕುತ್ತಿತ್ತು. ಕೀ ಕೊಟ್ಟು ನಾನು ಹಿಂದೆ ಹತ್ತಿದೆ.

ಅವಳು ಕಡ್ಡಿಯ ತುದಿ ತಿರುಗಿಸಿದಳು. ರಸ್ತೆ, ಬೇಲಿ, ಕಾವಲುಗಾರನ ಲೋಟ ಎಲ್ಲ ಒಟ್ಟಿಗೆ ಎದ್ದು ನಿಂತವು. ಡ್ಯಾಶ್‌ಬೋರ್ಡು ಮಂಕಾಯಿತು.

“ನೋಡ್ದ್ಯಾ, ಬ್ಯಾಟ್ರಿ ವೀಕು” ಎಂದೆ.

“ಕಣ್ಣಿಗೆ ಹೊಡೀಬಾರ್ದು ಅಂತ ತಾನೇ ತಗ್ಗತ್ತೆ ರೀ. ಸ್ಕೂಲಲ್ಲಿ ಹೇಳ್ಕೊಟ್ರು.”

ಸ್ಕೂಲಿಗೆ ಹೋಗದ್ದಕ್ಕೆ ನಾನು ಎಂದೂ ತಲೆ ತಗ್ಗಿಸಿದವನಲ್ಲ. ಅವತ್ತೂ ತಗ್ಗಿಸಲಿಲ್ಲ, ತಲೆ ಬಗ್ಗಿಸಿದ್ದು ಸಾರಿನ ಮುಚ್ಚಳ ಒತ್ತಿ ಹಿಡಿಯುವುದಕ್ಕೆ. ಆ ಸೀಟಿನಲ್ಲಿ ನಾನು ಅದುವರೆಗೆ ಕೂತವನೇ ಅಲ್ಲ. ಸ್ಟೇರಿಂಗಿನ ಮುಂದೆ ಸಣ್ಣಗೆ ಅನ್ನಿಸುವ ಪ್ರತಿ ಬ್ರೇಕೂ ಅಲ್ಲಿ ಮೊಣಕೈಗೆ ಬಿಸಿಯಾಗಿ ತಲುಪುತ್ತದೆ. ಇಷ್ಟು ವರ್ಷ ಸಾರು ಚೆಲ್ಲಿದ್ದು ರಸ್ತೆಯ ಹಳ್ಳದಿಂದ ಎಂದು ನಾನು ನಂಬಿದ್ದೆ. ಹಳ್ಳದ ಪಾಲು ಸ್ವಲ್ಪ ಕಡಿಮೆಯೇ ಇರಬಹುದು.

ಆಮೇಲೆ ಯೋಚಿಸಿ ನೋಡಿದೆ. ಕಾರಿನ ದೀಪ ಇರುವುದು ನಮಗೆ ದಾರಿ ಕಾಣಲೆಂದು ನಾವೆಲ್ಲ ತಿಳಿದಿದ್ದೇವೆ. ಅದು ಅರ್ಧ ಕೆಲಸ. ಉಳಿದರ್ಧ ನಾವು ಇನ್ನೊಬ್ಬರಿಗೆ ಕಾಣಲೆಂದು. ಏಪ್ರಿಲ್ ಮಳೆಯಲ್ಲಿ, ಲಿಮುರು ಕಡೆಯ ಮಂಜಿನಲ್ಲಿ, ಹಗಲಾದರೂ ದೀಪ ಹಾಕಬೇಕಾದ್ದು ಅದಕ್ಕೇ. ನಾವು ಬರುತ್ತಿದ್ದೇವೆಂದು ಚಹಾ ಕುಡಿಯುತ್ತ ನಿಂತವನಿಗೆ ಒಂದು ಮಾತು ಹೇಳಿ ಬರುವ ಮರ್ಯಾದೆ ಅದು. ಒಳಗೆ ಎಷ್ಟು ಝಗಝಗಿಸಿದರೂ ಹೊರಗಿನವನಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಇದನ್ನು ನಾನು ನಮ್ಮ ಲೆಕ್ಚರರ್ ಗಿರಾಕಿಗಳಿಗೆ ಬಿಡಿಸಿ ಹೇಳಿದಾಗ ಅವರು ತಲೆದೂಗುತ್ತಾರೆ. ಗಿರಿಜಾ ಮಾತ್ರ ಆಗ ಒಳಗೆ ಹೋಗಿ ಏನಾದರೊಂದು ಪಾತ್ರೆ ತೊಳೆಯತೊಡಗುತ್ತಾಳೆ.

ಮಾತು ಕೊಟ್ಟಿದ್ದರಿಂದ ಈಗ ಗಾಡಿ ಅವಳದು. ನನ್ನ ಜಾಗ ಅವಳ ಪಕ್ಕದ ಸೀಟು. ಒಬ್ಬಟ್ಟಿನ ಡಬ್ಬ ನನ್ನ ತೊಡೆಗೆ ಬಂದಿದೆ. ದೀಪ ‘ಆಟೋ’ದಲ್ಲಿದೆ, ಮುಟ್ಟುವ ಹಾಗಿಲ್ಲ. ಆದರೆ ಹೊತ್ತು ನೋಡುವುದನ್ನು ನನ್ನಿಂದ ಯಾರೂ ಕಿತ್ತುಕೊಂಡಿಲ್ಲ. ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತಲೇ ನಾನು ನೆಟ್ಟಗೆ ಕೂರುತ್ತೇನೆ. ಯಂತ್ರಕ್ಕಿಂತ ಒಂದು ಗಳಿಗೆ ಮುಂಚೆ, ಅಗುಳು ಬೆಂದದ್ದು ತಿಳಿಯುವ ಹಾಗೆ, ನನಗೆ ಅದು ತಿಳಿಯುತ್ತದೆ.

“ಈಗ ಹಾಕು” ಎನ್ನುತ್ತೇನೆ.

ದೀಪ ಹತ್ತುತ್ತದೆ. ಗಿರಿಜಾ ಎರಡೂ ಕೈಯನ್ನು ಸ್ಟೇರಿಂಗಿನ ಮೇಲೆ ಹಾಗೇ ಇಟ್ಟುಕೊಂಡು, ರಸ್ತೆಯಿಂದ ಕಣ್ಣು ಕೀಳದೆ, “ಹಾಕ್ದೆ ರೀ” ಎನ್ನುತ್ತಾಳೆ.