ಕೆಂಪು ಚಿಂದಿ ಕಟ್ಟುವ ಲಿಯೊಕಾದಿ

ಹಳೆಯ ಕೆಂಪು ಲಂಗವನ್ನು ಲಿಯೊಕಾದಿ ಬೆರಳಗಲದ ಪಟ್ಟಿಗಳಾಗಿ ಸೀಳುತ್ತಿದ್ದಾಳೆ. ಕಡಲಂಚಿನಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಪಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡು ಗಾಳಿಮರಗಳ ಕೆಳಗೆ ಕತ್ತೆತ್ತಿ ನಡೆಯುತ್ತಾಳೆ. ಒಂದು ಕವಲಿನ ಮೇಲೆ ಮೊಟ್ಟೆ ಕೂತಿದೆ. ಗೂಡಿಲ್ಲ, ಕಡ್ಡಿಯ ಆಸರೆಯೂ ಇಲ್ಲ. ಇಲ್ಲಿನ ಬಿಳಿ ಹಕ್ಕಿ ಮೊಟ್ಟೆ ಇಡುವುದೇ ಹಾಗೆ, ಬರಿ ಕೊಂಬೆಯ ಮೇಲೆ. ಆ ಮರದ ಬೊಡ್ಡೆಗೊಂದು ಚಿಂದಿ ಬಿಗಿಯುತ್ತಾಳೆ. ಇನ್ನು ಅದರಡಿ ಯಾರೂ ಕೂರುವಂತಿಲ್ಲ, ಕೊಂಬೆಗೆ ಒದ್ದೆ ಟವೆಲ್ ಎಸೆಯುವಂತಿಲ್ಲ.

"ಗೂಡು ಕಟ್ಟೋಕೆ ಅವಳಿಗೆ ಸೋಮಾರಿತನ, ಕಾಯೋ ಕರ್ಮ ನನಗೆ," ಎಂದು ನಗುತ್ತಾಳೆ.

ಅರವತ್ತೊಂದರ ಲಿಯೊಕಾದಿ, ರೊಡ್ರಿಗ್ಸ್ ಎಂಬ ದ್ವೀಪದವಳು. ಮೊದಲು ಮೊಣಕಾಲುದ್ದದ ನೀರಲ್ಲಿ ನಿಂತು ಭರ್ಜಿಯಿಂದ ಆಕ್ಟೋಪಸ್ ಹಿಡಿಯುತ್ತಿದ್ದಳು. ಸೊಂಟ ಕೈಕೊಟ್ಟ ಮೇಲೆ, ಹತ್ತೊಂಬತ್ತು ವರ್ಷದಿಂದ, ಪಕ್ಕದ ಈ ಪುಟ್ಟ ನಡುಗಡ್ಡೆಯ ಕಾವಲು. ಕುಡಿಯುವ ನೀರೂ ದೋಣಿಯಲ್ಲೇ ಬರಬೇಕು. ಗಾಳಿ ಕೆರಳಿದರೆ ಅದೂ ಇಲ್ಲ. ದಿನಾ ಇನ್ನೂರ ಹದಿನಾಲ್ಕು ಮರ ಸುತ್ತುತ್ತಾಳೆ. ಪ್ರವಾಸಕ್ಕೆ ಬಂದವರು ಬಿಳಿ ಮರಳಿನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಚಿಂದಿ ಯಾಕೆಂದು ಕೇಳುವವರು ಕಡಿಮೆ.

"ಒಬ್ಬಾಕೆ ಹರಕೆ ಅಂದ್ಕೊಂಡು ತನ್ನ ರಿಬ್ಬನ್ನೂ ಕಟ್ಟಿ ಶಿಲುಬೆ ಗುರುತು ಹಾಕಿದ್ಲು. ಬಿಚ್ಚಲಿಲ್ಲ ನಾನು. ಮರಿ ಹಾರಿಹೋಯ್ತಲ್ಲ, ಹರಕೆ ಫಲಿಸ್ತು."

ದಿನಕ್ಕೆ ಎಷ್ಟು ಜನರನ್ನು ಬಿಡಬಹುದು, ಒಂದು ಸಂಖ್ಯೆ ತಿಳಿಸಿ ಎಂದು ನಡುಗಡ್ಡೆಯ ಉಸ್ತುವಾರಿಯ ಪಟ್ಟಣದ ಕಚೇರಿಯವರು ಬರೆದು ಎಂಟು ತಿಂಗಳಾಯಿತು. ಶುಕ್ರವಾರದೊಳಗೆ ಉತ್ತರ ಬಾರದಿದ್ದರೆ ತಾವೇ ನೂರೆಂದು ಬರೆದುಕೊಳ್ಳುತ್ತಾರಂತೆ. ದೋಣಿಯಲ್ಲಿ ಜನರನ್ನು ಕರೆತರುವ ಮೈದುನ ಜೆರ್ವೆಗೂ ನೂರೇ ಬೇಕು. ಅವನ ಮುಖ ನೋಡಿ ಲಿಯೊಕಾದಿಯ ಪೆನ್ನು ಇಷ್ಟು ದಿನ ಏಳಲಿಲ್ಲ.

ಇವತ್ತು ಗುರುವಾರ. ಅವಳು ಬರೆದಿದ್ದಾಳೆ: "ಒಂದೇ ಸಂಖ್ಯೆ ನನ್ನಲ್ಲಿಲ್ಲ. ಚಿಂದಿ ಇಲ್ಲದ ಮರಗಳ ನೆರಳಲ್ಲಿ ಹಿಡಿಸುವಷ್ಟು ಜನ. ದಿನಾ ಬೆಳಿಗ್ಗೆ ಎಣಿಸಿ ದೋಣಿಯವನಿಗೆ ಫೋನ್ ಮಾಡುತ್ತೇನೆ. ಇವತ್ತು ಮೂವತ್ತೆಂಟು."

ಸಂಜೆ ಹೊರಡುವ ಮುಂಚೆ ಜೆರ್ವೆ ಅದನ್ನು ಎರಡು ಸಲ ಓದುತ್ತಾನೆ. "ನನ್ನ ಹೊಟ್ಟೆಗೆ ಹೊಡೆಯೋ ಕಾಗದ ನಾನೇ ಹೊರಬೇಕಾ ಅತ್ತಿಗೆ?"

"ಮತ್ತೆ ಅಂಚೆಯವನು ಈಜ್ಕೊಂಡು ಬರ್ತಾನಾ? ನಿನ್ನ ಹೊಟ್ಟೆ ಸ್ವಲ್ಪ ಇಳಿದ್ರೆ ದೋಣಿಗೂ ಹಗುರ."

ಗೊಣಗುತ್ತಲೇ ಕಾಗದ ಮಡಚಿ, ನೀರು ತಾಕದಂತೆ ಹ್ಯಾಟಿನೊಳಗೆ ಸಿಕ್ಕಿಸಿಕೊಳ್ಳುತ್ತಾನೆ. ಎಂಜಿನ್ ಹಚ್ಚುವುದಿಲ್ಲ. ಹಕ್ಕಿ ಬೆಚ್ಚದಿರಲೆಂದು ಎಂದಿನಂತೆ ಗಳ ಊರಿ ದೋಣಿಯನ್ನು ಆಳದವರೆಗೆ ತಳ್ಳಿಕೊಂಡು ಹೋಗುತ್ತಾನೆ. ಅಲ್ಲಿಂದ ತಿರುಗಿ ಕೂಗುತ್ತಾನೆ:

"ನಾಳೆ ಎಷ್ಟು ಜನ?"

"ಬೆಳಿಗ್ಗೆ ಹೇಳ್ತೀನಿ. ಇನ್ನೂ ಯಾರ್ಯಾರು ಮೊಟ್ಟೆ ಇಡ್ತಾರೋ ನೋಡ್ಬೇಕು."

ಜೆರ್ವೆ ಹ್ಯಾಟನ್ನೊಮ್ಮೆ ಒತ್ತಿಕೊಂಡು ಎಂಜಿನ್ ಹಚ್ಚುತ್ತಾನೆ. ಎಂಟು ತಿಂಗಳು ತಡವಾದ ಉತ್ತರ ಪಟ್ಟಣದ ಕಡೆ ಹೊರಡುತ್ತದೆ.