ಅಳತೆ ಕುಬಸ

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ ನನಗೆ ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಒಂದು ಮಂಪರು ಹತ್ತುತ್ತದೆ. ಕಿಟಕಿಯಾಚೆ ಎರೆಹೊಲ, ಕುಸುಬೆ, ದೂರದ ಗುಡ್ಡದ ಮೇಲೆ ಸೋಮಾರಿಯಾಗಿ ತಿರುಗುವ ಗಾಳಿಯಂತ್ರಗಳು. ಆ ಮಂಪರಿನಲ್ಲಿ ನನ್ನ ಮೈಗೆ ತೂಕವೇ ಇರುವುದಿಲ್ಲ. ಇಳಿಯುವಾಗ ಮಾತ್ರ ಬಸ್ಸಿನ ಬಾಗಿಲು ನನಗೆ ಸಣ್ಣದಾಗುತ್ತದೆ.

ಹದಿನೈದು ವರ್ಷದಿಂದ ಈ ಬಸ್ಸುಗಳಲ್ಲೇ ತಿರುಗಿ, "ನಿಮ್ಮ ಮೈಯನ್ನ ನೀವು ಪ್ರೀತಿ ಮಾಡ್ರಿ" ಎಂದು ಹೆಣ್ಣುಮಕ್ಕಳಿಗೆ ಹೇಳುತ್ತ ಬಂದವಳು ನಾನು. ಕಪ್ಪೆಂದು ವರ ಒಪ್ಪದವರಿಗೆ, ತೊನ್ನಿನವರಿಗೆ, ಕುಂಟುವವರಿಗೆ. ನರಗುಂದದ ಹೊಲಗಳಲ್ಲಿ ಸಮಕೂಲಿಗಾಗಿ ಜಗಳವನ್ನೂ ಆಡಿದ್ದೇನೆ. ನನ್ನ ಬಾಯಿ ಜೋರು, ಅದರಲ್ಲಿ ಎರಡು ಮಾತಿಲ್ಲ.

ಕುಬಸದ, ಅಂದರೆ ರವಿಕೆಯ, ಸಂಗತಿ ಬೇರೆ. ನಮ್ಮಲ್ಲಿ ಹೊಲಿಯಲು ಕೊಡುವಾಗ ಮೈ ಅಳೆಸುವುದು ಕಡಿಮೆ. ಸರಿಯಾಗಿ ಕೂಡುವ ಹಳೆಯ ಕುಬಸವೊಂದನ್ನು ಅಳತೆಗೆಂದು ಒಯ್ಯುತ್ತೇವೆ. ನಾನು ಒಯ್ಯುತ್ತಿದ್ದುದು ಹತ್ತು ವರ್ಷದ ಹಿಂದಿನದು, ಈಗ ನನ್ನ ಮೈಗೆ ಏರದ್ದು. "ಒಳಗ ಬಟ್ಟಿ ಜಾಸ್ತಿ ಬಿಡ್ರಿ" ಎಂದಷ್ಟೇ ಹೇಳುತ್ತಿದ್ದೆ. ಹೊಸದು ಬಂದ ದಿನ ಬಾಗಿಲು ಹಾಕಿಕೊಂಡು, ಬಗಲಿನ ಹೊಲಿಗೆಗಳನ್ನು ಬ್ಲೇಡಿನಿಂದ ಬಿಚ್ಚಿ, ಮಡಿಚಿಟ್ಟ ಬಟ್ಟೆಯನ್ನೆಲ್ಲ ಬಿಡಿಸಿ ಹೊಲಿದುಕೊಂಡು ತೊಡುತ್ತಿದ್ದೆ. ಉಸಿರು ಬಿಗಿಹಿಡಿದೇ ಭಾಷಣ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ಹೋದ ವರ್ಷ ಮುಶಿಗೇರಿಯಿಂದಾಚೆಯ ಹಳ್ಳಿಯೊಂದರ ತಾಯಿ ನನ್ನನ್ನು ಕರೆಸಿದಳು. ಒಂಬತ್ತನೆಯ ತರಗತಿಯ ಮಗಳು ಶಾಲೆ ಬಿಟ್ಟು ಕೂತಿದ್ದಳು. ಯೂನಿಫಾರ್ಮಿಗೆ ಎಲ್ಲರೆದುರು ಅಳತೆ ತೆಗೆದಾಕೆ ಇವಳ ಸೊಂಟದ ಅಂಕಿಯನ್ನು ಕೂಗಿ ಹೇಳಿದ್ದಳಂತೆ; ಇಡೀ ಸಾಲು ನಕ್ಕಿತ್ತಂತೆ.

"ಅಳತಿ ಅಂದ್ರ ಬರೇ ಅಂಕಿ ನೋಡವಾ. ಅದಕ್ಕ್ಯಾಕ ಹೆದರ್ತಿ?" ಎಂದೆ.

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು. "ನೀವ್ ಅಳತಿ ಕೊಡ್ತೀರೇನ್ರಿ, ಮಂದಿ ಮುಂದ?"

"ಹೂಂ ಮತ್ತ" ಎಂದುಬಿಟ್ಟೆ.

"ಹಂಗಾರ ನನ್ನೂ ಕರ್ಕೊಂಡ್ ಹೋಗ್ರಿ. ನೀವ್ ಕೊಟ್ರ ನಾನೂ ಕೊಡ್ತೀನಿ. ಆಮ್ಯಾಲ ಸಾಲಿಗೆ ಹೋಗ್ತೀನಿ."

ಗಜೇಂದ್ರಗಡದಲ್ಲಿ ನನಗೆ ಹೊಲಿದುಕೊಡುವವರು ಒಬ್ಬ ಸಾಬರ ಹೆಣ್ಣುಮಗಳು. ನಾನು ಆಪಾ ಎನ್ನುತ್ತೇನೆ. ನಾವು ಹೋದಾಗ ಅವರ ಪಡಸಾಲೆಯಲ್ಲಿ ನಾಲ್ಕೈದು ಹೆಂಗಸರು ಕೂತಿದ್ದರು. ಪಕ್ಕದ ಮನೆಯಿಂದ ಕೈಮಗ್ಗದ ಸದ್ದು ಒಂದೇ ಸಮನೆ ಬರುತ್ತಿತ್ತು. ಬಿಸಿಲು ನೆಲದ ಮೇಲೆ ಅರ್ಧ ತೆವಳಿ ನಿಂತಿತ್ತು. ಬಸ್ಸಿನ ಮಂಪರು ಇನ್ನೂ ಬಿಟ್ಟಿರಲಿಲ್ಲ ನನಗೆ.

"ಬರ್ರಿ ಅಕ್ಕಾರ" ಎಂದು ಆಪಾ ಎಂದಿನಂತೆ ಕೈ ಚಾಚಿದರು. "ಕೊಡ್ರಿ ನಿಮ್ಮ ಅಳತಿ ಕುಬಸ."

ಹುಡುಗಿ ನನ್ನ ಮುಖ ನೋಡಿದಳು. ಕುಬಸ ಚೀಲದಲ್ಲೇ ಇತ್ತು. ರೂಢಿ ಬಿಡದೆ ಅದನ್ನು ತಂದುಬಿಟ್ಟಿದ್ದೆ. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಅದನ್ನು ಹೊರತೆಗೆದರೆ ಇವಳು ಶಾಲೆಯ ಕಡೆ ಮತ್ತೆ ಮುಖ ಹಾಕುವುದಿಲ್ಲ.

"ಚೀಲದಾಗ ಐತ್ರಿ ಆಪಾ. ಇವತ್ತ ಅದು ಬ್ಯಾಡ. ಮೈ ಅಳೀರಿ."

ಸೆರಗು ಸಿಕ್ಕಿಸಿ ಎರಡೂ ಕೈ ಎತ್ತಿ ನಿಂತೆ. ಟೇಪು ತಣ್ಣಗೆ ಬೆನ್ನು ಬಳಸಿ ಬಂತು. ಮಗ್ಗದ ಸದ್ದು ಎಲ್ಲೋ ದೂರ ಹೋದಂತಾಯಿತು. ಮೈಗೆ ತೂಕವಿತ್ತು ಈಗ, ಮತ್ತು ಅದಷ್ಟೂ ನನ್ನದೇ ಆಗಿತ್ತು.

"ಜೋರಾಗಿ ಹೇಳ್ರಿ" ಎಂದೆ.

"ನಲವತ್ನಾಕ" ಎಂದರು ಆಪಾ. ಟೇಪು ಹಿಡಿದಲ್ಲೇ ಹಿಡಿದು, ನನ್ನನ್ನೇ ನೋಡಿದರು. "ಅಲ್ರೀ ಅಕ್ಕಾರ, ಇಷ್ಟ ವರ್ಷ ನಾ ಯಾರ ಕುಬಸ ಹೊಲದೆ?"

ಮೊದಲು ನಕ್ಕವಳು ಹುಡುಗಿ. ಆಮೇಲೆ ನಾನು, ಕಣ್ಣಲ್ಲಿ ನೀರು ಬರುವಷ್ಟು. ಕಣ್ಣೊರೆಸಿಕೊಂಡು ನೋಡಿದರೆ ಅವಳು ತನ್ನ ವೇಲು ತೆಗೆದು ನನ್ನ ಹೆಗಲಿಗೆ ಹಾಕಿ, ಆಪಾ ಅವರ ಮುಂದೆ ಕೈ ಎತ್ತಿ ನಿಂತಿದ್ದಳು.

"ನಂದೂ ಜೋರಾಗೇ ಹೇಳ್ರಿ" ಎಂದಳು.